ಟ್ರ್ಯಾಕ್ ಹಾಡಿದವಳು

ಚಾಮುಂಡೇಶ್ವರಿಗೆ ಸಿಟ್ಟು ಬಂದರೆ ಬಾಯಿ ಮುಚ್ಚುತ್ತಿತ್ತು, ಪಾತ್ರೆಗಳು ಮಾತಾಡುತ್ತಿದ್ದವು. ಆ ಬುಧವಾರ ಬೆಳಿಗ್ಗೆ ವಿದ್ಯಾರಣ್ಯಪುರಂನ ಅವರ ಮನೆಯಲ್ಲಿ ಪಾತ್ರೆಗಳು ಬಹಳವೇ ಮಾತಾಡಿದವು. ಬರುವ ಭಾನುವಾರ ಅವಳ ಗಂಡ ರೇವಣಸಿದ್ದನಿಗೆ ಸನ್ಮಾನ. ಭಕ್ತಿಗೀತೆಗಳ ಕ್ಯಾಸೆಟ್ಟು, ಸಿ.ಡಿ.ಗಳಿಗೆ ಸಂಗೀತ ಕೂಡಿಸಿ ಹೆಸರು ಮಾಡಿದವನು ಅವನು. ವಾದ್ಯ ಕಲಾವಿದರ ಸಂಘದವರು ಕಲ್ಯಾಣ ಮಂಟಪ ಹಿಡಿದಿದ್ದರು. ವೇದಿಕೆಯ ಹಿಂದೆ ದೊಡ್ಡ ಪರದೆ ಹಾಕಿ ಅವನ ಹಾಡುಗಳನ್ನು ಕೇಳಿಸುತ್ತಾರಂತೆ. ಒಂದೊಂದು ಹಾಡು ಬಂದಾಗಲೂ ಅದನ್ನು ಹಾಡಿದವರ ಹೆಸರು ಪರದೆಯ ಮೇಲೆ ಬರುತ್ತದಂತೆ.

"ನಮ್ಮ ಸಿ.ಡಿ.ಗಳನ್ನ ಯೋಗೇಂದ್ರನ ಅಂಗಡಿಗೆ ತಗೊಂಡೋಗಿ ಪೆನ್ ಡ್ರೈವ್‌ಗೆ ಹಾಕಿಸ್ಕೊಂಡು ಬಾ," ಎಂದು ರೇವಣಸಿದ್ದ ಕಾಫಿ ಹೀರುತ್ತ ಹೇಳಿದ್ದ. "ಬೆಟ್ಟದಮ್ಮನ ಸಿ.ಡಿ. ಮರೀಬೇಡ ಕಣೇ. ಅದರ ಐದನೇ ಹಾಡು ಇಲ್ದೆ ನಂಗೆ ಸನ್ಮಾನ ಮಾಡಿದ್ರೂ ಒಂದೇ, ಬುಟ್ರೂ ಒಂದೇ."

ಆ ಐದನೇ ಹಾಡನ್ನು ಹಾಡಿದವಳು ಚಾಮುಂಡೇಶ್ವರಿ. ಕವರಿನ ಮೇಲಿರುವ ಹೆಸರು ಮಾಲವಿಕಾದೇವಿಯವರದು.

ಟ್ರ್ಯಾಕ್ ಹಾಡುವುದು ಅಂತ ಒಂದು ಕೆಲಸ ಇದೆ. ದೊಡ್ಡ ಗಾಯಕರಿಗೆ ಹಾಡು ಕಲಿಯುವಷ್ಟು ಪುರುಸೊತ್ತು ಎಲ್ಲಿಂದ ಬರಬೇಕು? ಅವರು ಸ್ಟುಡಿಯೋಗೆ ಕಾಲಿಡುವ ಮೊದಲೇ ಯಾರಾದರೂ ಸಣ್ಣವರಿಂದ ಇಡೀ ಹಾಡನ್ನು ಹಾಡಿಸಿ ಇಟ್ಟಿರುತ್ತಾರೆ. ದೊಡ್ಡವರು ಬಂದು ಅದನ್ನು ಕಿವಿಗೆ ಹಾಕಿಕೊಂಡು, ಅದರ ಜಾಡಿನಲ್ಲೇ ಹಾಡಿ, ಶಾಲು ಹೊದಿಸಿಕೊಂಡು ಹೋಗುತ್ತಾರೆ. ಆಮೇಲೆ ಸಣ್ಣವರ ದನಿಯನ್ನು ಅಳಿಸಿ ಹಾಕುತ್ತಾರೆ. ಟ್ರ್ಯಾಕ್ ಹಾಡಿದವರು ಅದನ್ನು ಹೊರಗೆ ಎಲ್ಲೂ ಆಡಬಾರದು. ಅದು ಆ ಕಸುಬಿನ ಮರ್ಯಾದೆ ಎನ್ನುತ್ತಾರೆ. ಮರ್ಯಾದೆ ಯಾರದು ಎಂದು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ. ಮದುವೆಯಾದ ಹೊಸದರಲ್ಲಿ ಗಂಡನ ಜೊತೆ ಸ್ಟುಡಿಯೋಗೆ ಹೋಗಿ ಬರುತ್ತ ಚಾಮುಂಡೇಶ್ವರಿಗೆ ಈ ಕೆಲಸ ಅಂಟಿಕೊಂಡಿತ್ತು.

ಬೆಟ್ಟದಮ್ಮನ ಸಿ.ಡಿ. ಮಾಡುವಾಗ ಮಾಲವಿಕಾದೇವಿ ಬಂದರು, ನಾಲ್ಕು ಹಾಡು ಮುಗಿಸಿದರು, ಗಂಟಲು ಕಟ್ಟಿತು ಎಂದು ಐದನೆಯದನ್ನು ಹಾರಿಸಿ ಆರನೆಯದನ್ನೂ ಏಳನೆಯದನ್ನೂ ಹಾಡಿ ಹೊರಟುಹೋದರು. ಕಷ್ಟದ ಹಾಡು ಬಂದಾಗಲೇ ಕಟ್ಟಿಕೊಳ್ಳುವ ಗಂಟಲು ಅದು. ಆಷಾಢ ಹತ್ತಿರ ಬಂತು, ಅವರು ಮತ್ತೆ ಸಿಗಲಿಲ್ಲ. ಕಂಪನಿಯ ಮಾಲೀಕ ವಿಜಯ್‌ಕುಮಾರ್ ಟ್ರ್ಯಾಕಿನ ದನಿಯನ್ನೇ ಉಳಿಸಿಕೊಂಡು ಸಿ.ಡಿ. ಹೊರಗೆ ಬಿಟ್ಟ. ಹಾಡು ಹತ್ತಿಕೊಂಡಿತು. ಆಷಾಢ ಶುಕ್ರವಾರ ಬಂದರೆ ಬೆಟ್ಟದ ದಾರಿಯಲ್ಲಿ ಪ್ರಸಾದ ಹಂಚುವವರ ಪೆಂಡಾಲಿನಿಂದ ಪೆಂಡಾಲಿಗೆ ಅದೇ ಹಾಡು. ಚಾಮುಂಡೇಶ್ವರಿ ಸಾಲಿನಲ್ಲಿ ನಿಂತು, ತನ್ನದೇ ದನಿ ಕೇಳುತ್ತ, ದೊನ್ನೆಯಲ್ಲಿ ಪೊಂಗಲ್ ಇಸಿದುಕೊಂಡವಳು. ಹಿಂದಿನವರು "ಮಾಲವಿಕಾದೇವಿ ಅಂದ್ರೆ ಮಾಲವಿಕಾದೇವಿನೇ" ಎಂದರೆ ಹೌದೆಂದು ತಲೆಯಾಡಿಸಿದವಳು. ಈಚೆಗೆ ಗೋಕುಲಂನ ಯೋಗಶಾಲೆಯೊಂದರಲ್ಲಿ ಅವಳು ವಿದೇಶದವರಿಗೆ ಭಜನೆ ಹೇಳಿಕೊಡುತ್ತಿದ್ದಳು. ಅಲ್ಲಿ ಒಬ್ಬಾಕೆ ಮೊಬೈಲಿನಲ್ಲಿ ಆ ಹಾಡು ಕೇಳಿಸಿ, ನೀವೂ ಹೀಗೆ ಹಾಡಲು ಪ್ರಯತ್ನ ಮಾಡಬಾರದೇ ಎಂದು ಕೇಳಿದ್ದಳು. ಅವತ್ತು ಮನೆಗೆ ಬಂದು ಚಾಮುಂಡೇಶ್ವರಿ ನಕ್ಕ ನಗುವಿಗೆ ಕಣ್ಣೀರೂ ಸೇರಿಕೊಂಡಿತ್ತು.

ಇಷ್ಟಕ್ಕೆಲ್ಲ ಅವಳು ಶಾಪ ಹಾಕಿದ್ದು ವಿಜಯ್‌ಕುಮಾರನಿಗೆ. "ಕವರ್ ಮೇಲೆ ನಿನ್ನ ಹೆಸರು ಹಾಕಿ ಅಂತ ಕೇಳ್ದೆ ಕಣೇ, ಅವನು ಸುತರಾಂ ಒಪ್ಪಲಿಲ್ಲ," ಎಂದು ಗಂಡ ಆಗಲೇ ಹೇಳಿದ್ದ. ಅವಳು ಅದನ್ನು ಮನಸ್ಸಿಗೆ ಹಚ್ಚಿಕೊಂಡಳು. ವಿಜಯ್‌ಕುಮಾರ್ ಹೋದ ವರ್ಷ ಎದೆನೋವಿನಿಂದ ತೀರಿಕೊಂಡಾಗ ರೇವಣಸಿದ್ದ ಮಣ್ಣಿಗೆ ಹೋಗಿ ಬಂದ. ಅವಳು ಹೊಸಿಲು ದಾಟಲಿಲ್ಲ. ಅವನ ಹೆಂಡತಿ ಇಂದ್ರಮ್ಮ ಮಾರ್ಕೆಟ್ಟಿನಲ್ಲಿ ಎದುರಾದಾಗ ಕೂಡ ಬದನೆಕಾಯಿ ಆರಿಸುವ ನೆಪ ಮಾಡಿ ಮುಖ ತಿರುಗಿಸಿದ್ದಳು.

ಈಗ ಭಾನುವಾರ ಆ ಹಾಡು ತುಂಬಿದ ಸಭೆಯಲ್ಲಿ ಕೇಳಿಬರುತ್ತದೆ. ಗಂಡ ವೇದಿಕೆಯ ಮೇಲೆ, ಅವಳು ಮುಂದಿನ ಸಾಲಿನಲ್ಲಿ, ಪರದೆಯ ಮೇಲೆ ಮಾಲವಿಕಾದೇವಿ. ಬೇಡ. ಒಂದೇ ಒಂದು ಸಲ, ಆ ಹಾಡು ಬರುವಷ್ಟು ಹೊತ್ತು, ಅಲ್ಲಿ ತನ್ನ ಹೆಸರಿರಬೇಕು. ಇದಕ್ಕಿಂತ ಹೆಚ್ಚಿನದೇನನ್ನೂ ಅವಳು ಬಯಸಲಿಲ್ಲ. ಸಿ.ಡಿ.ಗಳನ್ನು ಬಟ್ಟೆಯ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದಳು.

ಯೋಗೇಂದ್ರ ರೇವಣಸಿದ್ದನ ತಂಗಿಯ ಮಗ. ದೇವರಾಜ ಮೊಹಲ್ಲಾದ ಗಲ್ಲಿಯೊಂದರಲ್ಲಿ ಅವನ ಅಂಗಡಿ. ಹಿಂದೆ ಅಲ್ಲಿ ನೆಲದಿಂದ ಸೂರಿನವರೆಗೆ ಕ್ಯಾಸೆಟ್ಟುಗಳಿದ್ದವು, ಆಮೇಲೆ ಸಿ.ಡಿ.ಗಳು ಬಂದವು, ಈಗ ಮೊಬೈಲಿನ ಕವರುಗಳು ನೇತಾಡುತ್ತವೆ. ಯೋಗೇಂದ್ರನ ತಲೆಯೂ ಈ ನಡುವೆ ಅರ್ಧ ನೆರೆತಿತ್ತು. ಹಳೇ ಸಿ.ಡಿ.ಗಳನ್ನು ಪೆನ್ ಡ್ರೈವಿಗೆ ಇಳಿಸಿಕೊಡುವ ಕಂಪ್ಯೂಟರೊಂದನ್ನು ಮಾತ್ರ ಮೂಲೆಯಲ್ಲಿ ಉಳಿಸಿಕೊಂಡಿದ್ದ.

"ಬನ್ನಿ ಅತ್ತೆ, ಕೂತ್ಕೊಳಿ. ಮಾವನ ಸನ್ಮಾನದ್ದು ತಾನೆ? ಭಾನುವಾರ ಕಂಪ್ಯೂಟರ್ ಮುಂದೆ ನಾನೇ ಕೂರ್ತೀನಿ, ಮಾವ ಹೇಳವ್ರೆ," ಎನ್ನುತ್ತ ಅವನು ಬೆಟ್ಟದಮ್ಮನ ಸಿ.ಡಿ.ಯನ್ನು ಒಳಗೆ ತಳ್ಳಿದ. ಡ್ರೈವು ಗುರುಗುಟ್ಟಿತು. ಯಾರೂ ಏನೂ ಬರೆಯದೆ ಹಾಡುಗಳ ಹೆಸರು ಸಾಲಾಗಿ ಪರದೆಯ ಮೇಲೆ ಬಂದು ಕೂತವು. ಪ್ರತಿ ಹಾಡಿನ ಪಕ್ಕದಲ್ಲೂ ಮಾಲವಿಕಾದೇವಿ.

"ಇದನ್ನ ಯಾರು ಬರೆದ್ರು?"

"ಯಾರೂ ಬರೆಯಲ್ಲ ಅತ್ತೆ, ನೆಟ್‌ನಿಂದ ತಾನೇ ತರ್ತದೆ. ಒಂದೊಂದು ಹಾಡು ಎಷ್ಟು ಉದ್ದ ಅದೆ ಅಂತ ನೋಡಿ, ಇದು ಇಂಥ ಸಿ.ಡಿ. ಅಂತ ಗುರುತು ಹಿಡೀತದೆ."

"ಉದ್ದ ನೋಡಿ ಗುರುತು ಹಿಡೀತದಾ? ದನಿ ಕೇಳಿ ಅಲ್ವಾ?"

"ದನಿ ಯಾರು ಕೇಳ್ತಾರೆ ಬುಡಿ," ಎಂದು ಯೋಗೇಂದ್ರ ಸುಮ್ಮನೆ ಅಂದ. ಅವಳಿಗೆ ಆ ಮಾತು ಚುಚ್ಚಿತು.

"ಐದನೇದಕ್ಕೆ ಆ ಹೆಸರು ತೆಗೆದು ನನ್ನ ಹೆಸರು ಹಾಕು."

ಯೋಗೇಂದ್ರನ ಕೈ ನಿಂತಿತು. ಮನೆಯ ಒಳಗಿನ ಗುಟ್ಟು ಅವನಿಗೂ ಅಷ್ಟಿಷ್ಟು ಗೊತ್ತಿತ್ತು. "ಮಾವ ಏನಂತಾರೋ," ಎಂದ. "ಮಾವನ ಹತ್ರ ನಾನು ಮಾತಾಡ್ತೀನಿ, ನೀನು ಹಾಕು," ಎಂದು ಅವಳು ಕುರ್ಚಿಯನ್ನು ಮುಂದಕ್ಕೆಳೆದುಕೊಂಡಳು. ಅವನು ಹೆಸರನ್ನು ಟೈಪು ಮಾಡಿ ಗುಂಡಿ ಒತ್ತಿದ.

ನಾಲ್ಕು ಹಾಡು ಸಲೀಸಾಗಿ ಇಳಿದವು. ಐದನೆಯದು ಅರ್ಧಕ್ಕೆ ನಿಂತಿತು. ಡ್ರೈವು ಕರಕರ ಎಂದಿತು, ಸಾಫ್ಟ್‌ವೇರು ಓದಲಾಗುತ್ತಿಲ್ಲ ಎಂದು ಕೆಂಪು ಅಕ್ಷರದಲ್ಲಿ ಮುನಿಸಿಕೊಂಡಿತು. ಯೋಗೇಂದ್ರ ಸಿ.ಡಿ. ತೆಗೆದು ಬೆಳಕಿಗೆ ಹಿಡಿದು ನೋಡಿದ. ಗೀರು. ಮನೆಯಲ್ಲಿ ಅದೊಂದೇ ಹಾಡನ್ನು ಅವಳು ಎಷ್ಟು ಸಲ ಹಾಕಿದ್ದಳೋ, ಎಷ್ಟು ಸಲ ಸೆರಗಿನಲ್ಲಿ ಒರೆಸಿದ್ದಳೋ. ಸೋಪಿನ ನೀರಿನಲ್ಲಿ ತೊಳೆದು, ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ, ಓದುವ ವೇಗ ತಗ್ಗಿಸಿ ಮತ್ತೆ ಹಾಕಿದ. ಈ ಸಲ ಹಾಡು ಆಮೆಯ ಹಾಗೆ ಇಳಿಯುತ್ತ ಇಳಿಯುತ್ತ ಕೊನೆ ಮುಟ್ಟಿತು.

ತೆರೆದು ನೋಡಿದರೆ, ಮಾಲವಿಕಾದೇವಿ.

"ನಾನು ಬರೆದಿದ್ನಲ್ಲ," ಎಂದು ಯೋಗೇಂದ್ರ ತಲೆ ಕೆರೆದುಕೊಂಡ. ಮತ್ತೆ ಬರೆದ. ಉಳಿಸಿದ. ಫೈಲು ತೆರೆದ. ಚಾಮುಂಡೇಶ್ವರಿ ಎಂಬ ಹೆಸರು ಪರದೆಯ ಮೇಲೆ ಬಂತು. ಅವಳು ಕಣ್ಣು ತುಂಬ ನೋಡುವ ಮೊದಲೇ, ಅವಳ ಎದುರಿಗೇ, ಅದು ಮಾಯವಾಗಿ ಆ ಜಾಗದಲ್ಲಿ ಮಾಲವಿಕಾದೇವಿ ಬಂದು ನಿಂತಿತು.

"ನೆಟ್‌ನಲ್ಲಿರೋದೇ ಸರಿ ಅಂದ್ಕೊಂಡು ಇದು ತಿದ್ದುಬುಡ್ತದೆ ಅತ್ತೆ. ಎಲ್ಲೋ ಒಂದು ಕಡೆ ಟಿಕ್ ತೆಗೀಬೇಕು, ಎಲ್ಲಿ ಅಂತ ಹುಡುಕ್ತೀನಿ ಇರಿ."

ಅವನು ಹುಡುಕಿದ. ಅದೂ ಇದೂ ಒತ್ತಿದ. ಮೂರು ಸಲ ಬರೆದರೂ ಮೂರು ಸಲವೂ ಅದು ಅಳಿಸಿ ಹಾಕಿತು. ಚಾಮುಂಡೇಶ್ವರಿಗೆ ರೇಗಿಹೋಯಿತು. ಮನುಷ್ಯರು ಮಾಡಿದ್ದು ಸಾಲದು ಎಂದು ಈಗ ಈ ಡಬ್ಬವೂ ಶುರು ಮಾಡಿತೇ?

"ಆ ನೆಟ್ಟಿನ ವೈರನ್ನೇ ಕಿತ್ತುಬುಡೋ," ಎಂದಳು. "ತರೋಕೆ ದಾರಿನೇ ಇಲ್ದಿದ್ರೆ ಅದೆಂಗೆ ತರ್ತದೋ ನೋಡಣ."

ಯೋಗೇಂದ್ರ ನಕ್ಕರೂ ವೈರು ಕಿತ್ತ. ಇಳಿಸಿದ್ದನ್ನೆಲ್ಲ ಅಳಿಸಿ, ಸಾಫ್ಟ್‌ವೇರು ಮುಚ್ಚಿ, ಮೊದಲಿಂದ ತೆರೆದು ಸಿ.ಡಿ. ಹಾಕಿದ. ಹೆಸರಿನ ಜಾಗಗಳು ಖಾಲಿ ಬರಬೇಕಿತ್ತು. ಬರಲಿಲ್ಲ. ಈ ಸಲ ಬೇರೆಯೇ ಬಗೆಯಲ್ಲಿ, ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ ಹೆಸರುಗಳು ಬಂದವು. ಮೊದಲ ನಾಲ್ಕಕ್ಕೂ ಮಾಲವಿಕಾದೇವಿ. ಐದನೆಯದರ ಪಕ್ಕದಲ್ಲಿ, ಶ್ರೀಮತಿ ಚಾಮುಂಡೇಶ್ವರಿ.

"ಈಗ ಬರೆದ್ಯಾ?"

"ನಾನು ಕೀಬೋರ್ಡೇ ಮುಟ್ಟಿಲ್ಲ ಅತ್ತೆ."

ಇಬ್ಬರೂ ಪರದೆಯನ್ನೇ ನೋಡಿದರು. ಯೋಗೇಂದ್ರ ಎದ್ದು ಅಟ್ಟದ ಮೇಲಿನ ರಟ್ಟಿನ ಪೆಟ್ಟಿಗೆಯಲ್ಲಿ ತಡಕಾಡಿ, ಮಾರಾಟವಾಗದೆ ಉಳಿದಿದ್ದ ಅದೇ ಸಿ.ಡಿ.ಯ ಇನ್ನೊಂದು ಪ್ರತಿ ತಂದ. ಮೇಲಿನ ಪ್ಲಾಸ್ಟಿಕ್ಕು ಕೂಡ ಒಡೆದಿರಲಿಲ್ಲ. ಅದನ್ನು ಹರಿದು ಒಳಗೆ ಹಾಕಿದ. ಮತ್ತೆ ಅದೇ ಹೆಸರುಗಳು, ಐದನೆಯದಕ್ಕೆ ಮತ್ತೆ ಅವಳ ಹೆಸರು.

"ಇದು ಸಿ.ಡಿ.ಯ ಒಳಗೇ ಬರೆದಿರೋದು," ಎಂದು ಯೋಗೇಂದ್ರ ನಿಧಾನವಾಗಿ ಹೇಳಿದ. "ಸ್ಟುಡಿಯೋದಲ್ಲಿ ಮಾಸ್ಟರ್, ಅಂದ್ರೆ ಎಲ್ಲಕ್ಕೂ ಮೊದಲ್ನೇ ಪ್ರತಿ, ಮಾಡೋವಾಗ ಕೆಲವರು ಹಾಡಿನ ಹೆಸರು, ಹಾಡಿದವರ ಹೆಸರು ಒಳಗೆ ಸೇರಿಸ್ತಾರೆ. ಮನೇಲಿರೋ ಪ್ಲೇಯರ್‌ಗಳು ಅದನ್ನ ತೋರಿಸಲ್ಲ. ಕಂಪ್ಯೂಟರ್‌ಗೆ ಹಾಕಿದ್ರೆ ನೆಟ್‌ನದು ಬಂದು ಇದನ್ನ ಮುಚ್ಚುಬುಡ್ತದೆ. ಅದಕ್ಕೇ ಯಾರ ಕಣ್ಣಿಗೂ ಬಿದ್ದಿಲ್ಲ."

"ಯಾರು ಹೇಳಿ ಬರೆಸಿರ್ತಾರೆ?"

"ಮಾಲೀಕರು ಹೇಳ್ದೆ ಸ್ಟುಡಿಯೋದವ್ರು ಯಾಕೆ ಬರೀತಾರೆ ಅತ್ತೆ? ವಿಜಯ್‌ಕುಮಾರ್ ಅವ್ರೇ ಹೇಳಿರ್ಬೇಕು. ಕವರ್ ಅಚ್ಚಾಗೋದು ಅದಾದ್ಮೇಲೆ."

ಮೊದಲು ಅವಳಿಗಾದದ್ದು ಸಂತೋಷ. ಊರೆಲ್ಲ ಬೇರೆಯವರ ಹೆಸರು ಹೇಳುತ್ತಿದ್ದಾಗಲೂ ಆ ಹೊಳೆಯುವ ತಟ್ಟೆಯೊಳಗೆ ಅವಳ ಹೆಸರಿತ್ತು. ಸಂತೋಷ ಬಹಳ ಹೊತ್ತು ನಿಲ್ಲಲಿಲ್ಲ. ಅಷ್ಟು ಬರೆಸಿದ ಮನುಷ್ಯ ಕವರಿಗೆ ಬೇಡ ಎಂದದ್ದೇಕೆ? ಬೇಡ ಎಂದವನು ಅವನೇ ಹೌದೇ? ಯೋಗೇಂದ್ರ ನೆಟ್ಟಿಲ್ಲದೆಯೇ ಹಾಡುಗಳನ್ನು ಇಳಿಸಿ ಪೆನ್ ಡ್ರೈವು ಕೊಟ್ಟ. ಭಾನುವಾರವೂ ನೆಟ್ಟಿಗೆ ಸೇರಿಸುವುದಿಲ್ಲ, ಹೆಸರು ಹೀಗೇ ಬರುತ್ತದೆ ಎಂದು ಮಾತು ಕೊಟ್ಟ. ಅವಳು ಟೀಯನ್ನೂ ಕುಡಿಯದೆ ಹೊರಟಳು.

ಮನೆಯಲ್ಲಿ ರೇವಣಸಿದ್ದ ಕನ್ನಡಿಯ ಮುಂದೆ ನಿಂತು ಮೀಸೆಗೆ ಬಣ್ಣ ಹಚ್ಚುತ್ತಿದ್ದ. ಭಾನುವಾರಕ್ಕೆ ತಾಲೀಮು.

"ಸಿ.ಡಿ. ಒಳಗೆ ನನ್ನ ಹೆಸರಿದೆ, ಭಾನುವಾರ ಪರದೆ ಮೇಲೆ ಅದೇ ಬರ್ತದೆ," ಎಂದಳು. "ವಿಜಯ್‌ಕುಮಾರ್ ಬರೆಸಿದ್ದು. ಕವರ್‌ನಲ್ಲಿ ಯಾಕೆ ಬರಲಿಲ್ಲ ರೀ?"

ಅವನು ಬ್ರಷ್ಷನ್ನು ಕೆಳಗಿಡಲಿಲ್ಲ. ಮೀಸೆಯ ಎಡಭಾಗ ಮುಗಿಸಿ, ಬಲಭಾಗ ಶುರು ಮಾಡಿ, ಆಮೇಲೆ ಬಾಯಿ ಬಿಟ್ಟ. "ಅವನು ಹಾಕ್ತೀನಿ ಅಂದ. ನಾನೇ ಬೇಡ ಅಂದೆ."

"ಯಾಕೆ?"

"ಯಾಕೆ ಅಂದ್ರೆ? ಹೆಂಡ್ತೀನ ಒಳಗೆ ನುಗ್ಗಿಸ್ದ ಅಂತ ನಾಕು ಜನ ಆಡ್ಕೊಳಲ್ವಾ? ಮಾಲವಿಕಾದೇವಿ ಮುನಿಸ್ಕೊಂಡು ಮುಂದಿನ ಸಿ.ಡಿ.ಗೆ ಬರಲ್ಲ ಅಂದಿದ್ರೆ? ಅಲ್ದೆ ನಿನ್ನ ಹೆಸರು ಆಚೆ ಬಂದಿದ್ರೆ ದಿನಾ ಒಬ್ರು ರೆಕಾರ್ಡಿಂಗ್ ಅಂತ ಕರೀತಿದ್ರು. ಮನೆ ಯಾರು ನೋಡ್ಕೋತಿದ್ರು?"

"ಅವನು ಒಪ್ಪಲಿಲ್ಲ ಅಂದ್ರಲ್ಲ ನನ್ನ ಹತ್ರ."

"ಏನೋ ಒಂದು ಹೇಳ್ಬೇಕಿತ್ತಲ್ಲ ಕಣೇ. ನೀನು ಮೂರು ದಿನ ಊಟ ಬುಟ್ಟಿದ್ದೆ. ಈಗೇನು, ಹಾಕ್ಸಿದ್ದೀಯಲ್ಲ ಹೆಸರು? ಬರ್ಲಿ ಬುಡು, ಯಾರು ಬೇಡ ಅಂದ್ರು?"

ಮಿಕ್ಕ ತಿಂಡಿಯನ್ನು ಆಳಿಗೆ ಕೊಡುವ ಧಾರಾಳ ಅವನ ದನಿಯಲ್ಲಿತ್ತು. ಅವಳಿಗೆ ಅವನ ಮೇಲೆ ಹೇಸಿಗೆಯಾಯಿತು. ಅದಕ್ಕಿಂತ ಹೆಚ್ಚಾಗಿ ತನ್ನ ಮೇಲೆಯೇ ಆಯಿತು. ಹೆಸರು ಹಾಕುತ್ತೇನೆ ಎಂದ ಮನುಷ್ಯನನ್ನು ಬದುಕಿರುವಷ್ಟು ದಿನ ಬೈದಳು, ಸತ್ತಾಗ ಹೋಗಿ ಒಂದು ಹೂ ಹಾಕಲಿಲ್ಲ. ಹೆಸರು ನುಂಗಿದವನಿಗೆ ಎರಡು ಹೊತ್ತು ಬಡಿಸಿದಳು. ಅವತ್ತು ಪಾತ್ರೆಗಳೂ ಮಾತಾಡಲಿಲ್ಲ.

ಭಾನುವಾರ ಕಲ್ಯಾಣ ಮಂಟಪ ತುಂಬಿತ್ತು. ಚಾಮುಂಡೇಶ್ವರಿ ರೇಷ್ಮೆ ಸೀರೆಯುಟ್ಟು ಮುಂದಿನ ಸಾಲಿನಲ್ಲಿ ಕೂತಳು. ತಿರುಗಿ ನೋಡಿದರೆ ಎರಡು ಸಾಲು ಹಿಂದೆ ಇಂದ್ರಮ್ಮ ಕೂತಿದ್ದಳು. ಆಕೆಯ ಗಂಡನ ಕಂಪನಿಗೆ ದುಡಿದ ಕಲಾವಿದನ ಸನ್ಮಾನ ಎಂದು ಸಂಘದವರು ಕರೆದಿದ್ದರು, ಆಕೆ ಬಂದಿದ್ದಳು. ಈ ಸಲ ನೆಪ ಹುಡುಕಲು ಬದನೆಕಾಯಿ ಇರಲಿಲ್ಲ. ಎದ್ದು ಹೋಗಿ ಎರಡು ಮಾತಾಡಬೇಕು ಅನ್ನಿಸಿತು. ಏನೆಂದು ಮಾತಾಡುವುದು? ಕಾರ್ಯಕ್ರಮ ಮುಗಿಯಲಿ ಎಂದು ಅವಳು ಕೂತೇ ಉಳಿದಳು.

ಶಾಲು, ಹಾರ, ಪೇಟ ಎಲ್ಲ ಆಯಿತು. ಹಾಡುಗಳು ಶುರುವಾದವು. ಬೆಟ್ಟದಮ್ಮನ ಸಿ.ಡಿ.ಯ ಐದನೆಯದು ಬಂತು. ಪರದೆಯ ಮೇಲೆ ಆಳೆತ್ತರದ ಇಂಗ್ಲಿಷ್ ಅಕ್ಷರಗಳಲ್ಲಿ ಶ್ರೀಮತಿ ಚಾಮುಂಡೇಶ್ವರಿ. ಅವಳ ದನಿ ಇಡೀ ಮಂಟಪವನ್ನು ತುಂಬಿತು. ಜನ ಗುಸುಗುಸು ಎಂದರು, ತಪ್ಪು ಹೆಸರು ಬಂದಿದೆ ಎಂದು ಯಾರೋ ಯೋಗೇಂದ್ರನಿಗೆ ಕೂಗಿ ಹೇಳಿದರು.

ಹಾಡು ನಿಂತಾಗ ರೇವಣಸಿದ್ದ ಪೇಟ ಸರಿಮಾಡಿಕೊಂಡು ಮೈಕಿನ ಮುಂದೆ ಬಂದ.

"ಹೆಸರು ತಪ್ಪಾಗಿಲ್ಲ ಕಣ್ರೀ. ಈ ಹಾಡು ಹಾಡಿದ್ದು ನಮ್ಮ ಮನೆಯವರು. ಇಷ್ಟು ವರ್ಷ ನಾನು ಬಾಯಿ ಬುಟ್ಟಿಲ್ಲ, ಇವತ್ತು ಹೇಳ್ತೀನಿ. ಮಾಸ್ಟರ್ ಮಾಡೋವಾಗ ಹಟ ಹಿಡಿದು ಇವಳ ಹೆಸರು ಬರೆಸಿದವನು ನಾನು. ಕಂಪನಿ ಮಾಲೀಕರು ಕವರ್‌ಗೆ ಬೇಡ ಅಂದ್ರು. ಹೋದವರ ಬಗ್ಗೆ ಆಡಬಾರದು, ಆದ್ರೂ ಒಬ್ಬ ಕಲಾವಿದೆ ಹೆಸರನ್ನ ಅವ್ರು ಹಂಗೆ ನುಂಗಬಾರದಿತ್ತು."

ಚಪ್ಪಾಳೆ ಎಂದರೆ ಅಂಥ ಚಪ್ಪಾಳೆ ಅಲ್ಲಿಯವರೆಗೂ ಬಿದ್ದಿರಲಿಲ್ಲ. ಕೆಲವರು ಎದ್ದೇ ನಿಂತರು. "ಗಂಡ ಅಂದ್ರೆ ಇಂಥವ್ರು ಸಿಗಬೇಕು ಕಣಮ್ಮ," ಎಂದು ಪಕ್ಕದ ಹೆಂಗಸು ಚಾಮುಂಡೇಶ್ವರಿಯ ಕೈ ಹಿಡಿದು ಕಣ್ಣೊರೆಸಿಕೊಂಡಳು. ಹಿಂದೆ ಇಂದ್ರಮ್ಮ ತಲೆ ತಗ್ಗಿಸಿದ್ದಳು. ಅಕ್ಕಪಕ್ಕದವರು ಅವಳನ್ನು ತಿರುಗಿ ತಿರುಗಿ ನೋಡುತ್ತಿದ್ದರು.

ಸಂಘದ ಅಧ್ಯಕ್ಷ ಶಿವಲಿಂಗಯ್ಯ ಚಾಮುಂಡೇಶ್ವರಿಯನ್ನು ವೇದಿಕೆಗೆ ಕರೆಸಿ, ಶಾಲು ಹೊದಿಸಿ, ಮೈಕು ಕೈಗೆ ಕೊಟ್ಟ. "ಅಮ್ಮ, ಎರಡು ಸಾಲು ಹಾಡಿ," ಎಂದ.

ಅವಳು ಹಾಡಲಿಲ್ಲ. "ವಿಜಯ್‌ಕುಮಾರ್ ನನ್ನ ಹೆಸರು ಹಾಕ್ತೀನಿ ಅಂದಿದ್ರು," ಎಂದಳು. "ಬೇಡ ಅಂದವ್ರು ನಮ್ಮ ಯಜಮಾನ್ರು."

ಶಿವಲಿಂಗಯ್ಯ ಚುರುಕು ಮನುಷ್ಯ. "ನೋಡ್ರಪ್ಪಾ, ಮನೆ ಜಗಳ ವೇದಿಕೆಗೇ ಬಂತು. ಹೆಂಡ್ತೀರ ಕೈಗೆ ಮೈಕ್ ಕೊಟ್ರೆ ಇದೇ ಗತಿ," ಎಂದ. ಮಂಟಪ ಗೊಳ್ಳೆಂದು ನಕ್ಕಿತು. ರೇವಣಸಿದ್ದ ಎಲ್ಲರಿಗಿಂತ ಜೋರಾಗಿ ನಕ್ಕು, ಅವಳ ಹೆಗಲ ಮೇಲೆ ಕೈ ಹಾಕಿದ. "ನಗು, ಫೋಟೋ ತೆಗೀತಾವ್ರೆ," ಎಂದು ಹಲ್ಲು ಕಚ್ಚಿಕೊಂಡೇ ಕಿವಿಯಲ್ಲಿ ಹೇಳಿದ.

ಆಗ ಇಂದ್ರಮ್ಮ ಎದ್ದು ನಿಂತಳು. ಅವಳಿಗೆ ಮೈಕು ಬೇಕಾಗಲಿಲ್ಲ.

"ಚಾಮುಂಡಮ್ಮ, ಈಗ ಹೇಳಿದ್ದನ್ನ ಇನ್ನೊಂದ್ಸಲ ಹೇಳಿ. ಇವ್ರೆಲ್ಲ ನಗೋದ್ರಲ್ಲಿ ನಂಗೆ ಸರಿಯಾಗಿ ಕೇಳಿಸ್ಲಿಲ್ಲ."

ನಕ್ಕುಬಿಟ್ಟಿದ್ದರೆ ಮುಗಿಯುತ್ತಿತ್ತು. ಹೆಸರು ಇನ್ನೂ ಬೆನ್ನ ಹಿಂದೆ ಬೆಳಗುತ್ತಿತ್ತು, ನಾಳೆಯಿಂದ ಊರು ಅದನ್ನೇ ಹೇಳುತ್ತಿತ್ತು. ಅವಳು ಬೇಡಿಕೊಂಡದ್ದೂ ಅಷ್ಟೇ ಅಲ್ಲವೇ? ಚಾಮುಂಡೇಶ್ವರಿ ಗಂಡನ ಕೈಯನ್ನು ಹೆಗಲಿನಿಂದ ತೆಗೆದಳು. ಬಿಡಿಸಿ ಬಿಡಿಸಿ ಹೇಳಿದಳು. ತಮಾಷೆಯಲ್ಲ ಎಂದಳು. ನಿಮ್ಮ ಯಜಮಾನರ ಬಾಯಲ್ಲಿ ಬೇಡ ಎಂಬ ಮಾತು ಬಂದೇ ಇಲ್ಲ ಎಂದಳು. ಗಂಡನ ಮಾತು ನಂಬಿ ಅವರಿಗೆ ಶಾಪ ಹಾಕಿದ್ದೇನೆ, ಮಣ್ಣಿಗೂ ಬರಲಿಲ್ಲ, ತಪ್ಪಾಯಿತು ಎಂದಳು. ಈ ಸಲ ಯಾರೂ ನಗಲಿಲ್ಲ. ಶಿವಲಿಂಗಯ್ಯ ಕೈಸನ್ನೆ ಮಾಡಿದ. ಯೋಗೇಂದ್ರ ಏನೂ ತೋಚದೆ ಪರದೆ ಆರಿಸಿದ.

ಇಂದ್ರಮ್ಮ ಕೇಳುವಷ್ಟನ್ನೂ ಕೇಳಿ ಕೈಚೀಲ ಎತ್ತಿಕೊಂಡಳು.

"ನನ್ನ ಹತ್ರ ಹೇಳಿ ಏನು ಬಂತಮ್ಮ," ಎಂದಳು. "ನೀವು ಎದುರಾದಾಗೆಲ್ಲ ಮನೆಗೆ ಬಂದು, ಆಯಮ್ಮ ಯಾಕೆ ಮಾತು ಬುಟ್ರು ಅಂತ ನನ್ನ ಕೇಳ್ತಿದ್ದವ್ರು ನಮ್ಮ ಯಜಮಾನ್ರು. ಏನು ತಪ್ಪು ಮಾಡ್ದೆ ಅಂತ ಗೊತ್ತಾಗ್ದೇನೇ ಹೋದ್ರು."

ಊಟಕ್ಕೂ ನಿಲ್ಲದೆ ಅವಳು ಹೊರಟುಹೋದಳು.